ನಿಂತ ಗಾಡಿಗೆ ಕಿಕ್ ಹೊಡೆಯುವ ಮೊದಲು: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮಪ್ಪನ ಹತ್ತಿರ 2001ರ ಸ್ಪ್ಲೆಂಡರ್ ಇತ್ತು. ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅವತ್ತಿಂದ ಗಾಡಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಒಂದು ಪೂರ್ತಿ ಮಳೆಗಾಲ ಕಳೆದಿದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಊರಿಗೆ ಬಂದಾಗ ಸ್ಟಾರ್ಟ್ ಮಾಡಲು ನೋಡಿದೆ. ಐವತ್ತು ಅರವತ್ತು ಕಿಕ್ ಹೊಡೆದಿರಬಹುದು. ಕಿಕ್ ಮೊದಲಿನ ಹಾಗೇ ಬಿಗಿ ಇದೆ. ಎರಡು ಸಲ 'ಪಟ್' ಅಂದು ಸುಮ್ಮನಾಯಿತು. ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಕೇಳಿ, ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಿ ನಯ ಮಾಡಿಸಬೇಕು ಅಂದರು. ಅಮ್ಮ ಗಾಡಿ ಮಾರಬೇಡ ಅನ್ನುತ್ತಾರೆ. ಬೋರ್ ಮಾಡಿಸಲೇಬೇಕಾ? ನಾನೇ ಏನಾದರೂ ನೋಡಬಹುದಾ? ಹಬ್ಬಕ್ಕೆ ನಾಲ್ಕು ದಿನ ರಜೆ ಇದೆ.
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೋರ್ ಮಾಡಿಸಬೇಡಿ. ಇಂಜಿನ್‌ಗೆ ಕೈ ಹಾಕಲು ಯಾರಿಗೂ ಬಿಡಬೇಡಿ. ಬೇಕಾದ ಸುಳಿವು ನಿಮ್ಮ ಪತ್ರದಲ್ಲೇ ಇದೆ.

ಕಿಕ್ ಮೊದಲಿನ ಹಾಗೇ ಬಿಗಿ ಇದೆ ಅಂದಿದ್ದೀರಿ. ಅಂದರೆ ಪಿಸ್ಟನ್ ಹಿಡಿದುಕೊಂಡಿಲ್ಲ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಇದೆ. ಎರಡು ಸಲ 'ಪಟ್' ಅಂದಿತು ಅಂದಿದ್ದೀರಿ. ಅಂದರೆ ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಪ್ಲಗ್‌ನಲ್ಲಿ ಕರೆಂಟ್ ಬರುತ್ತಿದೆ. ಇವೆರಡೂ ಸರಿ ಇರುವಾಗ ಬೋರ್ ಮಾತು ಎಲ್ಲಿಂದ ಬಂತು? ನಿಮ್ಮ ಗಾಡಿಗೆ ಆಗಿರುವುದು ಪೆಟ್ರೋಲಿನ ತೊಂದರೆ. ನೂರಕ್ಕೆ ನೂರು ಅಂತ ಪತ್ರ ನೋಡಿ ಹೇಳುವುದು ತಪ್ಪು, ಆದರೆ ನಾನಾದರೆ ಕೈ ಹಾಕುವುದು ಮೊದಲು ಅಲ್ಲಿಗೇ.

ನಾನು ಸಾಗರದಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಪ್ರತಿ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಇದೇ ಕತೆ. ಮಳೆಗಾಲ ಪೂರ್ತಿ ನಿಂತಿದ್ದ ಗಾಡಿಗಳನ್ನು ತೊಳೆದು ಹೂವು ಹಾಕಬೇಕು ಅಂತ ಹೊರಗೆ ತೆಗೆಯುತ್ತಾರೆ. ಸ್ಟಾರ್ಟ್ ಆಗುವುದಿಲ್ಲ. ತಳ್ಳಿಕೊಂಡು, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸುತ್ತಾರೆ. ಅದರಲ್ಲಿ ಇಂಜಿನ್ ಬಿಚ್ಚಬೇಕಾಗಿ ಬಂದದ್ದು ಬಹಳ ಕಡಿಮೆ. ಹೆಚ್ಚಿನವಕ್ಕೆ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್ ತೊಳೆದು, ಪ್ಲಗ್ ಹಾಕಿದರೆ ಮುಗಿಯಿತು.

ಮೊದಲಿಗೆ, ಇನ್ನು ಕಿಕ್ ಹೊಡೆಯಬೇಡಿ. ಇಷ್ಟು ದಿನ ನಿಂತ ಇಂಜಿನ್‌ನಲ್ಲಿ ಆಯಿಲ್ ಪೂರ್ತಿ ಕೆಳಗೆ ಇಳಿದಿರುತ್ತದೆ. ಸಿಲಿಂಡರ್ ಗೋಡೆ ಒಣಗಿರುತ್ತದೆ. ಒಣ ಗೋಡೆಗೆ ಪಿಸ್ಟನ್ ಸುತ್ತಲಿನ ರಿಂಗ್ ಉಜ್ಜಿ ಉಜ್ಜಿ ಗೀರು ಬಿದ್ದರೆ ಆಮೇಲೆ ನಿಜವಾಗಲೂ ಬೋರ್ ಮಾಡಿಸಬೇಕಾಗುತ್ತದೆ.

ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತನ್ನಿ. ಕೊಟ್ಟಿಗೆ ಹತ್ತಿರ ಹುಲ್ಲು, ಸೊಪ್ಪು ಇರುತ್ತದೆ, ಅಲ್ಲಿ ಪೆಟ್ರೋಲ್ ಕೆಲಸ ಬೇಡ. ಹತ್ತಿರ ಯಾರೂ ಬೀಡಿ ಸೇದಬಾರದು. ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಆಫ್ ಮಾಡಿ.

ಈಗ ಆಯಿಲ್ ಕಡ್ಡಿ ಬಿಚ್ಚಿ ಮೂಸಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕಾಕ್ ಆನ್ ಆಗಿಯೇ ಉಳಿದಿದ್ದು, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ತಡೆಯುವ ಫ್ಲೋಟ್ ಪಿನ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಮೆಲ್ಲಗೆ ಇಂಜಿನ್ ಒಳಗೆ ಇಳಿಯುತ್ತದೆ. ಆಗ ಆಯಿಲ್ ಮಟ್ಟ ಮೇಲೆ ಬಂದಿರುತ್ತದೆ, ನೀರಿನ ಹಾಗೆ ತೆಳ್ಳಗಿರುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಅಂಥ ಆಯಿಲ್‌ನಲ್ಲಿ ಗಾಡಿ ಓಡಿಸಿದರೆ ಇಂಜಿನ್ ಹೋಗುತ್ತದೆ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಲೆಕ್ಕ. ಎರಡರಲ್ಲಿ ಯಾವುದಾಗಿದ್ದರೂ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಿಸಿ. ಹಾಗೇನೂ ಇಲ್ಲದಿದ್ದರೆ ಸ್ಟಾರ್ಟ್ ಆದ ಮೇಲೆ ಬದಲಿಸಿದರೆ ಸಾಕು.

ಸೈಡ್ ಕವರ್ ತೆಗೆದು ಏರ್ ಫಿಲ್ಟರ್ ನೋಡಿ. ನಮ್ಮ ಕಡೆ ಇಲಿಗಳಿಗೆ ಅದು ಒಳ್ಳೆ ಮನೆ. ಹೋದ ವರ್ಷ ಒಂದು ಗಾಡಿಯ ಫಿಲ್ಟರ್ ಡಬ್ಬಿಯಿಂದ ಎರಡು ಬೊಗಸೆ ಅಡಿಕೆ ಸಿಪ್ಪೆ ತೆಗೆದೆ. ಗಾಳಿ ಹೋಗಲು ಜಾಗವೇ ಇರಲಿಲ್ಲ. ಸೈಲೆನ್ಸರ್ ಬಾಯಿಗೆ ಟಾರ್ಚ್ ಹಾಕಿ ನೋಡಿ, ಕುಂಬಾರ ಹುಳ ಮಣ್ಣು ಕಟ್ಟಿರುತ್ತದೆ. ಹಾಗೇ ಸೀಟ್ ಕೆಳಗಿನ ವೈರ್‌ಗಳನ್ನು ಬೆರಳಿನಲ್ಲಿ ಸವರಿಕೊಂಡು ಹೋಗಿ. ಕಡಿದಿದ್ದರೆ ಕೈಗೇ ಗೊತ್ತಾಗುತ್ತದೆ.

ಇನ್ನು ಪೆಟ್ರೋಲ್. ಪೈಪ್ ಕಳಚಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಮೊದಲು ಬರುವ ಅರ್ಧ ಲೀಟರ್ ಅನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ, ಅದು ನೀರು ಸೇರಿದ ಎಥೆನಾಲ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪನ ಕಾಲದಲ್ಲಿ ಗಾಡಿ ಆರು ತಿಂಗಳು ನಿಂತರೂ ಎರಡು ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು ಅಂತ ಜನ ಹೇಳುತ್ತಾರೆ. ಸುಳ್ಳಲ್ಲ. ಆಗಿನ ಪೆಟ್ರೋಲ್ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ-20 ಪೆಟ್ರೋಲ್‌ಗೆ ಚಾಲನೆ ಕೊಟ್ಟರು. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಎಥೆನಾಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ನಮ್ಮ ಮಲೆನಾಡಿನ ಜುಲೈ ತಿಂಗಳಲ್ಲಿ ಬಾಗಿಲ ಹಿಂದೆ ನೇತು ಹಾಕಿದ ಅಂಗಿಗೇ ಬೂಸ್ಟು ಬರುತ್ತದೆ, ಅರ್ಧ ಖಾಲಿ ಇರುವ ಟ್ಯಾಂಕ್ ಬಿಡುತ್ತದಾ? ತೇವ ಒಂದು ಮಿತಿ ದಾಟಿದರೆ ನೀರೂ ಎಥೆನಾಲೂ ಸೇರಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದು ತಳದಲ್ಲೇ. ಹಾಗಾಗಿ ಕಾರ್ಬೊರೇಟರ್‌ಗೆ ಮೊದಲು ಹೋಗುವುದು ಪೆಟ್ರೋಲ್ ಅಲ್ಲ, ಈ ನೀರು.

ಪದರ ಕಾಣದಿದ್ದರೂ ಆ ಪೆಟ್ರೋಲ್ ಬೇಡ. ಹದಿನಾಲ್ಕು ತಿಂಗಳಲ್ಲಿ ಅದರ ಹಗುರ ಭಾಗ, ಬೇಗ ಹೊತ್ತಿಕೊಳ್ಳುವ ಭಾಗ, ಆವಿಯಾಗಿ ಹೋಗಿರುತ್ತದೆ. ಮೂಸಿದರೆ ಹಳೆ ವಾರ್ನಿಷ್ ವಾಸನೆ. ಹೊಸದಕ್ಕೆ ಬೆರೆಸಿ ಮುಗಿಸೋಣ ಅಂತ ಆಸೆ ಪಡಬೇಡಿ. ಒಲೆಗೆ ಸುರಿಯಬೇಡಿ, ಬಾವಿ ಹತ್ತಿರ ಚೆಲ್ಲಬೇಡಿ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಸಾಮಾನು ತೊಳೆಯಲು ಬರುತ್ತದೆ.

ಖಾಲಿ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಇದ್ದರೆ ಟ್ಯಾಂಕ್ ಬಿಚ್ಚಿ, ಒಂದು ಹಿಡಿ ಸಣ್ಣ ನಟ್ಟು ಬೋಲ್ಟು ಮತ್ತು ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ. ಹಾಕುವಾಗ ಎಣಿಸಿ ಹಾಕಿ, ತೆಗೆಯುವಾಗ ಎಣಿಸಿ ತೆಗೆಯಿರಿ. ಆಮೇಲೆ ಬಿಸಿಲಿಗಿಡಿ. ಬಿಸಿಲಿಲ್ಲ ಅಂತ ಬಚ್ಚಲ ಒಲೆ ಹತ್ತಿರ ಮಾತ್ರ ಇಡಬೇಡಿ, ಕೈಮುಗಿದು ಕೇಳುತ್ತೇನೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಜಾಸ್ತಿ ಅಪಾಯ. ಬಿಸಿಲಿಗಾಗಿ ಎರಡು ದಿನ ಕಾಯಿರಿ.

ಅದೇ ದಿನ ಸಂಜೆ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣು ಊದಿ ತೆಗೆಯಿರಿ, ಒಂದು ಕಾಳು ಮರಳು ಒಳಗೆ ಬಿದ್ದರೂ ಕಷ್ಟ. ಆ ತೂತಿನಲ್ಲಿ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಡಿ. ಗಾಡಿಯನ್ನು ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕನೇ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಾಲ್ಕೈದು ಸುತ್ತು ಮೆಲ್ಲಗೆ ತಿರುಗಿಸಿ. ಆಯಿಲ್ ಗೋಡೆಗೆಲ್ಲ ಹರಡುತ್ತದೆ. ತೂತಿಗೆ ಬಟ್ಟೆ ಮುಚ್ಚಿ ರಾತ್ರಿ ಹಾಗೇ ಬಿಡಿ.

ಮಾರನೇ ದಿನ ಕಾರ್ಬೊರೇಟರ್. ತೊಂದರೆ ಇರುವುದು ಇಲ್ಲೇ ಅಂತ ನನ್ನ ನಂಬಿಕೆ. ಕೆಳಗಿನ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇದೆ. ಅದನ್ನು ಸಡಿಲಿಸಿ ಹಳೆಯದನ್ನೆಲ್ಲ ಹರಿಯಲು ಬಿಡಿ. ಕೆಲವರು ಇಷ್ಟಕ್ಕೇ ನಿಲ್ಲಿಸಿ ಹೊಸ ಪೆಟ್ರೋಲ್ ಹಾಕಿ ನೋಡುತ್ತಾರೆ. ಎರಡು ಮೂರು ತಿಂಗಳು ನಿಂತ ಗಾಡಿಗೆ ಅದು ಸಾಕು. ಹದಿನಾಲ್ಕು ತಿಂಗಳಿಗೆ ಸಾಲದು, ಬಟ್ಟಲನ್ನೇ ಬಿಚ್ಚಬೇಕು. ಬಿಚ್ಚಿದಾಗ ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು ಕಾಣಬಹುದು. ಅದು ಒಣಗಿದ ಪೆಟ್ರೋಲ್. ಸುಣ್ಣದ ಹಾಗೆ ಬಿಳಿ ಪುಡಿ ಕಂಡರೆ ಅದು ನೀರಿನ ಕೆಲಸ.

ಅಲ್ಲೇ ಎರಡು ಹಿತ್ತಾಳೆ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು, ಇರುತ್ತವೆ. ದೊಡ್ಡದು ಗಾಡಿ ಓಡುವಾಗಿನದು. ಸಣ್ಣದು, ಸ್ಲೋ ಜೆಟ್, ಸ್ಟಾರ್ಟ್ ಆಗಲು ಮತ್ತು ನಿಂತಲ್ಲಿ ಓಡಲು. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣ. ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಬೆಳಕಿನ ಚುಕ್ಕಿ ದುಂಡಗೆ ಕಾಣಬೇಕು. ಕಾಣದಿದ್ದರೆ ನಿಮ್ಮ ಗಾಡಿ ನಿಂತಿದ್ದು ಆ ಚುಕ್ಕಿಯಲ್ಲಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ನೆನೆಯಲು ಬಿಡಿ, ಆಮೇಲೆ ಗಾಳಿ ಹೊಡೆಯಿರಿ. ಅದಕ್ಕೂ ಬರದಿದ್ದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಕ್ಲಚ್ ಕೇಬಲ್ಲಿನ ಎಳೆ ಅಥವಾ ಸೂಜಿ ಬೇಡ. ಅವು ಉಕ್ಕು, ಹಿತ್ತಾಳೆಯನ್ನು ಕೆರೆದು ತೂತು ದೊಡ್ಡದು ಮಾಡುತ್ತವೆ. ಆಮೇಲೆ ಗಾಡಿ ಪೆಟ್ರೋಲ್ ಕುಡಿಯುತ್ತದೆ.

ಪಕ್ಕದ ಏರ್ ಸ್ಕ್ರೂ ಬಿಚ್ಚುವುದಾದರೆ, ಮೊದಲು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಎಣಿಸಿ ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬಿಡಿ.

ಎಲ್ಲ ಜೋಡಿಸಿ, ಒಂದೆರಡು ಲೀಟರ್ ಹೊಸ ಪೆಟ್ರೋಲ್ ಹಾಕಿ. ಕಾಕ್ ಆನ್ ಮಾಡಿ, ಡ್ರೈನ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಪೆಟ್ರೋಲ್ ಒಂದೇ ಸಮ ಹರಿಯಬೇಕು. ಹರಿದು ನಿಂತುಹೋದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಆಗ ಹರಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಆಗಲೂ ಹರಿಯದಿದ್ದರೆ ಕಾಕ್ ಒಳಗಿನ ಜಾಲರಿ ತೊಳೆಯಬೇಕು.

ಪ್ಲಗ್ ಹೊಸದು ಹಾಕಿ, ದುಬಾರಿಯೇನಲ್ಲ. ಗ್ಯಾಪ್ 0.6ರಿಂದ 0.7 ಮಿಲಿಮೀಟರ್. ಹಾಕುವ ಮೊದಲು ತೂತಿಗೆ ಬಟ್ಟೆ ಅಡ್ಡ ಹಿಡಿದು ನಿಧಾನಕ್ಕೆ ನಾಲ್ಕು ಕಿಕ್ ಕೊಡಿ, ಹೆಚ್ಚಿನ ಆಯಿಲ್ ಹೊರಗೆ ಬರಲಿ. ಆಗ ಕೀ ಆಫ್ ಇರಬೇಕು.

ಈಗ ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಹತ್ತು ಕಿಕ್‌ಗೂ ಆಗದಿದ್ದರೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ನಮ್ಮ ಮೇಸ್ತ್ರಿ ನನಗೆ ಮೊದಲ ವಾರ ಕಲಿಸಿದ್ದು ಇದನ್ನೇ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಮತ್ತೆ ಕಾರ್ಬೊರೇಟರ್ ಕಡೆ ಹೋಗಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಆಗ ಪ್ಲಗ್ ಒರೆಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ, ತುಂಬಿದ ಪೆಟ್ರೋಲ್ ಹೊರಗೆ ಹೋಗುತ್ತದೆ. ಆಮೇಲೂ ಒದ್ದೆಯೇ ಆಗುತ್ತಿದ್ದರೆ ಪ್ಲಗ್ ಕ್ಯಾಪ್ ಬಿಚ್ಚಿ ನೋಡಿ. ಒಳಗೆ ಹಸಿರು ಹಿಡಿದಿದ್ದರೆ ಬದಲಿಸಿ.

ಸ್ಟಾರ್ಟ್ ಆದಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಹೆದರಬೇಡಿ, ಅದು ನೀವೇ ಬಿಟ್ಟ ಚಮಚ ಆಯಿಲ್. ಐದಾರು ನಿಮಿಷದಲ್ಲಿ ನಿಲ್ಲುತ್ತದೆ. ಇಂಜಿನ್ ಬಿಸಿಯಾದ ಮೇಲೆ ಹಳೆ ಆಯಿಲ್ ಇಳಿಸಿ ಹೊಸದು ಹಾಕಿ, ಸುಮಾರು 900 ಮಿಲಿಲೀಟರ್ ಹಿಡಿಯುತ್ತದೆ.

ರಸ್ತೆಗೆ ಇಳಿಸುವ ಮೊದಲು ಎರಡೂ ಬ್ರೇಕ್ ಹಿಡಿದು ಅಂಗಳದಲ್ಲೇ ತಳ್ಳಿ ನೋಡಿ. ತೇವಕ್ಕೆ ಡ್ರಮ್ ಒಳಗೆ ತುಕ್ಕು ಕಟ್ಟಿ ಬ್ರೇಕ್ ಕಚ್ಚುತ್ತದೆ. ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿದ್ದರೆ ಕ್ಲಚ್ ಹಿಡಿದಿದ್ದರೂ ಮೊದಲ ಗೇರಿಗೆ ಗಾಡಿ ಮುಂದಕ್ಕೆ ಹಾರುತ್ತದೆ, ಹುಷಾರು. ಟೈರ್ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಕನಿಕರ ಬೇಡ, ಬದಲಿಸಿ. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎರಡೂ ಮುಗಿದಿರುತ್ತವೆ. 2001ರ ಗಾಡಿಯಾದ್ದರಿಂದ ಆರ್‌ಸಿ ಎಲ್ಲಿಯವರೆಗೆ ನವೀಕರಿಸಿದ್ದಾರೆ ಅಂತ ನೋಡಿ, ಅಪ್ಪನ ಹೆಸರಿನಿಂದ ಅಮ್ಮನ ಅಥವಾ ನಿಮ್ಮ ಹೆಸರಿಗೆ ವರ್ಗಾವಣೆಗೂ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕೊನೆಗೆ ಒಂದು. ಆ ಎರಡು ಲೀಟರ್ ಪೆಟ್ರೋಲ್‌ನಲ್ಲಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ವಾಪಸ್ ಬೆಂಗಳೂರಿಗೆ ಹೊರಡುವಾಗ ಕಾಕ್ ಆಫ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬೊರೇಟರ್ ಖಾಲಿಯಾಗುತ್ತದೆ. ಮುಂದಿನ ಸಲ ನನಗೆ ಪತ್ರ ಬರೆಯುವ ಕೆಲಸ ಇರುವುದಿಲ್ಲ.

ಪ್ರಶ್ನೆ: ನನ್ನದು 2022ರ ಎಫ್‌ಐ ಬೈಕ್, ಅಂದರೆ ಕಾರ್ಬೊರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವುದು. ಕಿಕ್ಕರ್ ಇಲ್ಲ. ಎರಡೂವರೆ ತಿಂಗಳು ಪಿಜಿ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಈಗ ಸೆಲ್ಫ್ ಒತ್ತಿದರೆ 'ಟಕ್ ಟಕ್' ಅನ್ನುತ್ತದೆ, ಅಷ್ಟೇ. ಇಬ್ಬರು ಗೆಳೆಯರು ತಳ್ಳಿದರೂ ಸ್ಟಾರ್ಟ್ ಆಗಲಿಲ್ಲ.
— ಓದುಗರು, ಕಲಬುರಗಿ

ಉತ್ತರ: ಬ್ಯಾಟರಿ ಇಳಿದಿದೆ. ಗಡಿಯಾರ, ಅಲಾರಂ ಅಂತ ಗಾಡಿ ನಿಂತಾಗಲೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಎಫ್‌ಐ ಗಾಡಿಗೆ ಪೆಟ್ರೋಲ್ ಪಂಪ್ ಓಡಲೂ ಬ್ಯಾಟರಿ ಬೇಕು. ಕೀ ಆನ್ ಮಾಡಿದಾಗ ಟ್ಯಾಂಕಿನಲ್ಲಿ 'ಜುಂಯ್' ಅಂತ ಎರಡು ಸೆಕೆಂಡ್ ಸದ್ದು ಬರುತ್ತದಲ್ವಾ, ಅದೇ ಪಂಪ್. ಆ ಸದ್ದು ಇಲ್ಲದಿದ್ದರೆ ಎಷ್ಟು ತಳ್ಳಿದರೂ ಉಪಯೋಗವಿಲ್ಲ.

ಮಲ್ಟಿಮೀಟರ್ ಇದ್ದರೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12ಕ್ಕಿಂತ ಕೆಳಗೆ ಇಳಿದಿದ್ದರೆ ಖಾಲಿ ಅಂತಲೇ ಲೆಕ್ಕ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್. ಬ್ಯಾಟರಿ ಅಂಗಡಿಯಲ್ಲಿ ನಿಧಾನದ ಚಾರ್ಜ್ ಕೇಳಿ. 5 ಆ್ಯಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆ್ಯಂಪಿಯರ್ ಸಾಕು, ರಾತ್ರಿಯಿಡೀ ಆದರೂ ಪರವಾಗಿಲ್ಲ. ಒಂದು ಗಂಟೆಯಲ್ಲಿ ಮಾಡಿಕೊಡುತ್ತೇನೆ ಅನ್ನುವ ಕಡೆ ಕೊಡಬೇಡಿ. ಚಾರ್ಜ್ ಆದ ಮೇಲೂ ಒಂದೇ ದಿನಕ್ಕೆ ಇಳಿದರೆ ಹೊಸದೇ ಗತಿ. ಮುಂದೆ ತಿಂಗಳಿಗಿಂತ ಜಾಸ್ತಿ ಊರಿಗೆ ಹೋಗುವುದಾದರೆ ಮೈನಸ್ ವೈರ್ ಬಿಚ್ಚಿ ಹೋಗಿ.

ಪ್ರಶ್ನೆ: ನನ್ನ ಯೆಜ್ಡಿ 1984ರದು. ಮಗಳ ಮನೆಗೆ ಅಮೆರಿಕಕ್ಕೆ ಆರು ತಿಂಗಳು ಹೋಗುತ್ತಿದ್ದೇವೆ. ಪಕ್ಕದ ಮನೆ ಹುಡುಗನಿಗೆ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡು ಅಂತ ಹೇಳಿದ್ದೇನೆ. ಸಾಕಲ್ವಾ?
— ಹಿರಿಯ ಓದುಗರು, ಮೈಸೂರು

ಉತ್ತರ: ಸರ್, ನಿಮ್ಮ ಮೈಸೂರಿನ ಯಾದವಗಿರಿಯಲ್ಲಿ ಯೆಜ್ಡಿ ಮಾಡುತ್ತಿದ್ದ ಆ ಕಾರ್ಖಾನೆ 1996ರಲ್ಲೇ ನಿಂತುಹೋಯಿತು. ಈಗ ಒಂದೊಂದು ಗಾಡಿಯನ್ನೂ ಜೋಪಾನ ಮಾಡಬೇಕು. ದಯವಿಟ್ಟು ಆ ಹುಡುಗನಿಗೆ ಬೇಡ ಅಂತ ಹೇಳಿ. ಎರಡು ನಿಮಿಷದಲ್ಲಿ ಇಂಜಿನ್ ಬಿಸಿಯೂ ಆಗುವುದಿಲ್ಲ, ಸೈಲೆನ್ಸರ್ ಒಳಗೆ ಹಬೆ ಕಟ್ಟಿ ನೀರಾಗಿ ನಿಲ್ಲುತ್ತದೆ. ವಾರ ವಾರ ಹಾಗೆ ಮಾಡಿದರೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಹದಿನೈದು ಕಿಲೋಮೀಟರ್ ಓಡಿಸಿ ತರುವ ನಂಬಿಗಸ್ತರಿದ್ದರೆ ಸರಿ, ಇಲ್ಲದಿದ್ದರೆ ಮುಟ್ಟದೇ ಇರುವುದು ಮೇಲು.

ಹೊರಡುವ ಹಿಂದಿನ ದಿನ ಒಂದು ಉದ್ದದ ಸುತ್ತು ಹೊಡೆದು ಗಾಡಿ ಚೆನ್ನಾಗಿ ಬಿಸಿ ಮಾಡಿ ತನ್ನಿ. ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ. ತಣ್ಣಗಾದ ಮೇಲೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಒಂದು ಲೋಟ ಟು-ಟಿ (ಟೂ-ಸ್ಟ್ರೋಕ್ ಇಂಜಿನ್‌ನ) ಆಯಿಲ್ ಹಾಕಿ ಎಲ್ಲ ಗೋಡೆಗೂ ತಾಗುವ ಹಾಗೆ ಟ್ಯಾಂಕ್ ಹೊರಳಿಸಿ. ನಿಮ್ಮ ಗಾಡಿ ಹೇಗೂ ಪೆಟ್ರೋಲಿನ ಜೊತೆ ಆಯಿಲ್ ಕುಡಿಯುವುದೇ, ಆಮೇಲೆ ತೊಂದರೆ ಇಲ್ಲ. ಹೆಚ್ಚಾದದ್ದನ್ನು ಸುರಿದು ತೆಗೆಯಿರಿ. ಪ್ಲಗ್ ತೂತಿಗೂ ಅದೇ ಆಯಿಲ್ ಒಂದು ಚಮಚ. ಪ್ಲಗ್ ವಾಪಸ್ ಹಾಕಿ, ಕಿಕ್ಕರ್ ಮೆಲ್ಲಗೆ ಒತ್ತುತ್ತಾ ಬಂದು ಬಿಗಿ ಸಿಕ್ಕಿದ ಮೇಲೆ ಒಂಚೂರು ಮುಂದೆ ಒತ್ತಿ ಬಿಡಿ. ಅಲ್ಲಿ ಪಿಸ್ಟನ್ ಮೇಲಿರುತ್ತದೆ, ಸೈಲೆನ್ಸರ್ ಕಡೆಯ ಬಾಯಿ ಮುಚ್ಚಿರುತ್ತದೆ, ಆ ಕಡೆಯಿಂದ ತೇವದ ಗಾಳಿ ಸಿಲಿಂಡರ್ ಒಳಗೆ ಬರುವುದಿಲ್ಲ. ಬ್ಯಾಟರಿ ಬಿಚ್ಚಿ ಆ ಹುಡುಗನಿಗೇ ಕೊಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಲಿ. 6 ವೋಲ್ಟ್ ಅಂತ ಮೇಲೆ ಚೀಟಿ ಅಂಟಿಸಿ, 12 ವೋಲ್ಟ್ ಚಾರ್ಜರ್ ಹಾಕಿಬಿಟ್ಟಾರು.

ಎರಡೂ ಸೈಲೆನ್ಸರ್ ಬಾಯಿಗೆ ಆಯಿಲ್ ಹಚ್ಚಿದ ಬಟ್ಟೆ ತುರುಕಿ, ಅದಕ್ಕೆ ಕಟ್ಟಿದ ಕೆಂಪು ದಾರವನ್ನು ಹ್ಯಾಂಡಲ್‌ಗೆ ಕಟ್ಟಿ. ಬಂದ ದಿನ ಆ ಬಟ್ಟೆ ಮೊದಲು ತೆಗೆಯಿರಿ. ಪಾಯಿಂಟ್ (ಪ್ಲಗ್‌ನ ಕಿಡಿಗಾಗಿ ತೆರೆದು ಮುಚ್ಚುವ ಲೋಹದ ತುದಿಗಳು) ನಡುವೆ ಒಂದು ಬಿಳಿ ಹಾಳೆಯ ತುಂಡು ಎಳೆದು ಕಪ್ಪು ಹೋಗುವವರೆಗೆ ಒರೆಸಿ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ, ಆಮೇಲೆ ಕಿಕ್.